ರಾಯಪ್ಪನ ಕಾಲು, ಇಮಾಮಸಾಬರ ಲೋಟ

ಈಗ ಗ್ಯಾರೇಜ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಗೋಕಾಕದ ನಮ್ಮ ಮನೆಗೆ ಬಂದು ಕೂರುತ್ತಾರೆ. ಕೈಯಲ್ಲಿ ಸ್ಕ್ಯಾನರ್ ಇರುತ್ತದೆ, ಬಾಯಲ್ಲಿ ಒಂದೇ ಪ್ರಶ್ನೆ: “ಕಾಕಾ, ನಿಮ್ಮ ಕಾಲಕ್ಕ ಇದು ಇರಲಿಲ್ಲ. ಸೆನ್ಸರ್ ಕೆಟ್ಟಿದ್ದು ಹೆಂಗ ಹಿಡೀತಿದ್ರಿ?” ಹಿಡಿದ ಕತೆಗಳನ್ನೇ ಹೇಳುತ್ತ ಕೂತರೆ ಜಂಬ ಕೊಚ್ಚಿಕೊಂಡಂತಾಗುತ್ತದೆ. ಹಿಡಿಯಲಾಗದೆ ಬಿಟ್ಟ ಕತೆಯೂ ಒಂದಿದೆ. ಅದರಿಂದ ಒಬ್ಬ ಡ್ರೈವರನ ಹೆಸರು ಕೆಟ್ಟಿತು. ಕೆಡಿಸಿದವನು ನಾನೇ. ಹೋದ ಹೆಸರು ಅವನಿಗೆ ತಿರುಗಿ ಹೇಗೆ ಬಂತು ಎಂಬುದನ್ನೂ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ನಾನು ಕೆಲಸ ಕಲಿತ ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಗೋಕಾಕದ ಬಸ್ ನಿಲ್ದಾಣದ ಹಿಂದಿದ್ದ ಇಮಾಮಸಾಬ ಮೇಸ್ತ್ರಿಯವರ ಗ್ಯಾರೇಜಿನಲ್ಲಿದ್ದೆ. ಆಗ ಎಲ್ಲ ಕಾರ್ಬುರೇಟರ್ ಗಾಡಿಗಳು. ಮೇಸ್ತ್ರಿ ಎಂಜಿನ್ನಿನ ಸದ್ದು ಕೇಳಿಯೇ ಅರ್ಧ ರೋಗ ಹೇಳುತ್ತಿದ್ದರು. ಗಾಡಿ ಕೊಡುವ ಮೊದಲು ಅವರದೊಂದು ಪದ್ಧತಿ ಇತ್ತು. ಒಂದು ಸ್ಟೀಲ್ ಲೋಟದಲ್ಲಿ ನೀರು ತುಂಬಿ, ಎಂಜಿನ್ ಚಾಲೂ ಇಟ್ಟು, ಲೋಟವನ್ನು ಎಂಜಿನ್ನಿನ ಮೇಲೆ ಇಡುವುದು. ನೀರು ತುಳುಕದೆ ನಿಂತರೆ ಟ್ಯೂನಿಂಗ್ ಸರಿ ಇದೆ ಎಂದು ಅರ್ಥ. ತುಳುಕಿದರೆ ಗಾಡಿ ಆ ದಿನ ಗ್ಯಾರೇಜು ಬಿಟ್ಟು ಹೋಗುತ್ತಿರಲಿಲ್ಲ, ಮಾಲಕ ಎಷ್ಟೇ ದೊಡ್ಡ ಮನುಷ್ಯನಾಗಿರಲಿ.

ಆ ಲೋಟಕ್ಕೆ ಮೂರು ತಾಲೂಕಿನಲ್ಲಿ ಹೆಸರಿತ್ತು. ಹುಕ್ಕೇರಿ, ಮೂಡಲಗಿ ಕಡೆಯ ಡ್ರೈವರುಗಳು ಬಂದವರೇ “ಲೋಟಾ ಇಟ್ಟು ತೋರಸ್ರಿ ಮೇಸ್ತ್ರಿ” ಎನ್ನುತ್ತಿದ್ದರು. ಮೇಸ್ತ್ರಿಗೆ ವಯಸ್ಸಾಗಿ ಮೊಣಕಾಲು ನೋವು ಶುರುವಾದ ಮೇಲೆ ಲೋಟ ನನ್ನ ಕೈಗೆ ಬಂತು. ಅದರ ಜೊತೆ ಅವರ ಹಳೆಯ ಮುಳ್ಳಿನ ಮೀಟರೂ ಬಂತು. ಕರೆಂಟ್ ಎಷ್ಟಿದೆ ಎಂದು ತೋರಿಸುವ ಆ ಮೀಟರಿನ ಗಾಜು ಒಡೆದಿತ್ತು. ಅದಕ್ಕೆ ಅಂಟುಪಟ್ಟಿ ಹಚ್ಚಿತ್ತು. ನಾನು ಬೆಳಗಾವಿಯಿಂದ ಅಂಕಿ ತೋರಿಸುವ ಹೊಸ ಡಿಜಿಟಲ್ ಮೀಟರ್ ತಂದು, ಹಳೆಯದನ್ನು ಸ್ಪ್ಯಾನರ್ ಪೆಟ್ಟಿಗೆಯ ಕೆಳಗೆ ತಳ್ಳಿಬಿಟ್ಟೆ. ಮೇಸ್ತ್ರಿ ಅದನ್ನು ನೋಡಿದರು.

ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಇರುವ ಪೆಟ್ರೋಲ್ ಕಾರುಗಳು ಬರತೊಡಗಿದವು. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ನಮಗೆಲ್ಲ ಕೈ ಕಟ್ಟಿಹಾಕಿದಂತಾಯಿತು. ಈಗಿನವರಿಗೆ ಗೊತ್ತಿರುವುದೇ ಆದರೂ ಹೊಸಬರಿಗಾಗಿ ಹೇಳುತ್ತೇನೆ. ಎಕ್ಸಲೇಟರ್ ತುಳಿದಾಗ ಎಂಜಿನ್ನಿಗೆ ಗಾಳಿ ಬಿಡುವ ಒಂದು ತಟ್ಟೆ ತಿರುಗಿ ತೆರೆದುಕೊಳ್ಳುತ್ತದೆ; ಅದು ಥ್ರಾಟಲ್. ಅದು ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ತಿಳಿಸಲು ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಕರಿ ಡಬ್ಬಿ ಇರುತ್ತದೆ. ಅದು ಥ್ರಾಟಲ್ ಸೆನ್ಸರ್. ಒಳಗೆ ಇಂಗಾಲದ ಕಪ್ಪು ಪಟ್ಟಿ, ಅದರ ಮೇಲೆ ಜಾರುವ ಒಂದು ಸಣ್ಣ ಲೋಹದ ಬೆರಳು. ಹಳೆಯ ರೇಡಿಯೋದ ಆವಾಜ್ ಹೆಚ್ಚು ಕಡಿಮೆ ಮಾಡುವ ಗುಂಡಿಯ ಒಳಗೂ ಇದೇ ಇರುತ್ತದೆ. ತುಳಿದಷ್ಟೂ ಕರೆಂಟ್ ಏರುತ್ತದೆ, ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲ್ ಬಿಡುತ್ತದೆ. ಈ ಡಬ್ಬಿ ಸುಳ್ಳು ಹೇಳಿದರೆ ಕಂಪ್ಯೂಟರ್ ಅದನ್ನೇ ಖರೆ ಎಂದು ನಂಬುತ್ತದೆ.

ನಾನು ಮೊದಲು ಕೆಡಿಸಿದ ಸೆನ್ಸರ್ ಯಾವುದು ಗೊತ್ತೆ? ಕಾರ್ಬುರೇಟರನ್ನು ತೊಳೆದಂತೆ ಥ್ರಾಟಲನ್ನೂ ಬಿಚ್ಚಿ, ಸೆನ್ಸರ್ ಸಮೇತ ಪೆಟ್ರೋಲಿನ ಬುಟ್ಟಿಯಲ್ಲಿ ಮುಳುಗಿಸಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಅದು ಪೂರ್ತಿ ಸತ್ತಿತ್ತು. ಮೇಸ್ತ್ರಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಜಳಕಾ ಮಾಡ್ಸಿ ಕೊಂದ್ಯಲ್ಲೋ ಬಸಲಿಂಗ್ಯಾ” ಎಂದರು. ಆಮೇಲೆ ಒಂದು ವಾರ ಅವರು ನನ್ನನ್ನು ಊಟಕ್ಕೆ ಕಳಿಸುವಾಗ “ಬುಟ್ಟ್ಯಾಗ ಏನರ ಹಾಕೀಯೇನು?” ಎಂದು ಕೇಳಿಯೇ ಕಳಿಸುತ್ತಿದ್ದರು.

ಎರಡನೆಯದು ಇದಕ್ಕಿಂತ ದೊಡ್ಡದು. ನಮ್ಮ ಕಡೆ ಮಹಾನವಮಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ. ಆ ದಿನ ಗ್ಯಾರೇಜಿನಲ್ಲಿ ನಿಂತ ಗಾಡಿಗಳನ್ನೆಲ್ಲ ತೊಳೆದು ಪೂಜೆ ಮಾಡುವುದು ರೂಢಿ. ನಾವು ಕುರುಬರು, ನಮ್ಮ ಪೂಜೆಯಲ್ಲಿ ಭಂಡಾರ ಬೇಕೇ ಬೇಕು. ಆ ವರ್ಷ ನಾನು ಹುರುಪಿನಿಂದ ಎಲ್ಲ ಗಾಡಿಗಳ ಬಾನೆಟ್ ಎತ್ತಿ, ಪೈಪ್ ಹಿಡಿದು ಎಂಜಿನ್ನಿಗೆಲ್ಲ ನೀರು ಹೊಡೆದು, ಮುಷ್ಟಿ ತುಂಬ ಅರಿಶಿನದ ಭಂಡಾರ ತೂರಿ, ಕಾಯಿ ಒಡೆದೆ. ಮರುದಿನ ಅವುಗಳಲ್ಲಿ ನಾಲ್ಕು ಗಾಡಿ ತಿರುಗಿ ಬಂದವು. ನಿಂತಲ್ಲೇ ಎಂಜಿನ್ ಒಮ್ಮೆ ಗರ್ಜಿಸುವುದು, ಒಮ್ಮೆ ಸಾಯುವಂತಾಗುವುದು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದರ ಸೆನ್ಸರಿಗೆ ಹೋಗುವ ವೈರಿನ ಜೋಡಣೆ ಕಿತ್ತು ನೋಡಿದರೆ ಒಳಗೆ ಹಳದಿ ಕೆಸರು! ನೀರು, ಭಂಡಾರ ಎರಡೂ ಕೂಡಿ ಕರೆಂಟಿಗೆ ಅಡ್ಡದಾರಿ ಮಾಡಿಕೊಟ್ಟಿದ್ದವು. ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿದೆ. ನಾಲ್ಕೂ ಸರಿಯಾದವು.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ದೇವರನ್ನ ಬಾನೆಟ್ ಮ್ಯಾಲೆ ಕುಂದರ್ಸೋ, ವೈರ್‌ನ್ಯಾಗ ಬ್ಯಾಡ” ಎಂದರು. ಅಂದಿನಿಂದ ಖಂಡೇಪೂಜೆಯ ಹಿಂದಿನ ದಿನ ಸೆನ್ಸರುಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಕಟ್ಟುವುದು ನಮ್ಮ ಗ್ಯಾರೇಜಿನ ಪೂಜಾವಿಧಿಯಲ್ಲೇ ಸೇರಿಹೋಯಿತು. ಈಗಲೂ ಗೋಕಾಕದ ಎರಡು ಗ್ಯಾರೇಜುಗಳಲ್ಲಿ ಹಾಗೆ ಮಾಡುತ್ತಾರೆ. ಯಾಕೆ ಎಂದು ಕೇಳಿದರೆ ಕೆಲವರಿಗೆ ಗೊತ್ತಿಲ್ಲ.

ಈ ರೋಗ ಕಂಡುಹಿಡಿದ ಮೇಲೆ ಊರಿನಲ್ಲಿ ನನ್ನ ಹೆಸರು ಓಡಿತು. ಸೆನ್ಸರ್ ಎಂದರೆ ಬಸಲಿಂಗ ಎಂದಾಯಿತು. ನನಗೂ ತಲೆ ತಿರುಗಿತು. ನನ್ನ ಮಾತೆಂದರೆ ಪಂಚಾಯ್ತಿಯ ತೀರ್ಪು ಎಂದು ನಾನೇ ತಿಳಿದುಕೊಂಡಿದ್ದ ಕಾಲದಲ್ಲಿ ರಾಯಪ್ಪನ ಗಾಡಿ ಬಂತು.

ರಾಯಪ್ಪ ತುಕ್ಕಾನಟ್ಟಿಯವನು. ನಮ್ಮವನೇ, ಕುರಿ ಕಾಯುವ ಮನೆತನದವನು. ಮನೆಯಲ್ಲಿ ಮೊದಲ ಬಾರಿಗೆ ಸ್ಟೇರಿಂಗ್ ಹಿಡಿದವನು ಅವನೇ. ಹುಕ್ಕೇರಿಯ ಅರಿವೆ ವ್ಯಾಪಾರಿ ಪಾರಿಸ ಕಾಕಾರ ಕಾರಿಗೆ ನಾಲ್ಕು ವರ್ಷದಿಂದ ಡ್ರೈವರ್. ಕಾಕಾರ ಮನೆ ಜೈನರದು, ಹಳೆಯ ಮನೆತನ. ಕಾಕಾರ ತಾಯಿಯನ್ನು ಎಲ್ಲರೂ ಆಯಿ ಎಂದು ಕರೆಯುತ್ತಿದ್ದರು. ಆಯಿಗೆ ಬೆನ್ನುನೋವು. ಆದರೂ ವಾರಕ್ಕೆರಡು ಸಲ ಹುಕ್ಕೇರಿಯಿಂದ ಹಿಡಕಲ್, ಗೋಕಾಕ ದಾಟಿ ಮೂಡಲಗಿಯ ಮಗಳ ಮನೆಗೆ ಹೋಗಿಬರಬೇಕು. ಅವರದೊಂದೇ ಕರಾರು: ಗಾಡಿ ನಲವತ್ತು ದಾಟಬಾರದು. ರಾಯಪ್ಪ ನಾಲ್ಕು ವರ್ಷ ಆ ನಲವತ್ತನ್ನು ಒಮ್ಮೆಯೂ ಮೀರಿರಲಿಲ್ಲ.

ಒಂದು ದಿನ ಹಿಡಕಲ್ ಹತ್ತಿರ ಕಾಲುವೆಯ ರಸ್ತೆಯಲ್ಲಿ ಗಾಡಿ ಇದ್ದಕ್ಕಿದ್ದಂತೆ ಜಗ್ಗಿತು. ಯಾರೋ ಹಿಂದಿನಿಂದ ಹಿಡಿದು ಎಳೆದು ಬಿಟ್ಟಂತೆ. ಆಯಿ ಮುಂದಿನ ಸೀಟಿಗೆ ಬಡಿದುಕೊಂಡರು. ಹಣೆ ಬಾತಿತು, ಬೆನ್ನು ಹಿಡಿದುಕೊಂಡಿತು, ಎಂಟು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಕಾಕಾ ಸಿಟ್ಟಾದರು. “ಗಾಡ್ಯಾಗ ದೋಷ ಐತ್ರಿ” ಎಂದು ರಾಯಪ್ಪ, “ನಿನ್ನ ಕಾಲಾಗ ಐತಿ” ಎಂದು ಕಾಕಾ. ತೀರ್ಮಾನಕ್ಕೆ ಇಬ್ಬರೂ ಗಾಡಿ ತೆಗೆದುಕೊಂಡು ನನ್ನ ಹತ್ತಿರ ಬಂದರು.

ಅವರು ಬಂದದ್ದು ಮುಂದೊಂದು ವರ್ಷದ ಖಂಡೇಪೂಜೆಯ ಹಿಂದಿನ ದಿನ. ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹತ್ತಾರು ಡ್ರೈವರುಗಳು ತಮ್ಮ ಪಾಳಿಗಾಗಿ ಕೂತಿದ್ದರು. ನಾನು ಮೊದಲು ಸೆನ್ಸರಿನ ವೈರು ಬಿಚ್ಚಿ ನೋಡಿದೆ. ಭಂಡಾರವಿಲ್ಲ, ನೀರಿಲ್ಲ, ಒಳ್ಳೆ ಒಣಗಿದೆ. ಡಿಜಿಟಲ್ ಮೀಟರ್ ಹಚ್ಚಿದೆ. ಕಾಲು ಬಿಟ್ಟಾಗ ಇರಬೇಕಾದಷ್ಟು ಕರೆಂಟ್, ಪೂರ್ತಿ ತುಳಿದಾಗ ಇರಬೇಕಾದಷ್ಟು ಕರೆಂಟ್. ಆಮೇಲೆ ಎಲ್ಲರೂ ನೋಡುವಂತೆ ಲೋಟ ಇಟ್ಟೆ. ನೀರು ಕನ್ನಡಿಯಂತೆ ನಿಂತಿತು.

ಹೊರಗೆ ಹಗ್ಗದ ಹೊರಸಿನ ಮೇಲೆ ಕೂತಿದ್ದ ಮೇಸ್ತ್ರಿ ಅಲ್ಲಿಂದಲೇ ಕೇಳಿದರು: “ರಸ್ತೇಕ ಹೊಡದ ನೋಡಿದೇನೋ? ಯಾರು ಕುಂತಾಗ ಜಗ್ಗತೈತೋ ಅವರನ್ನ ಕುಂದರ್ಸ್ಕೊಂಡ ಹೋಗು.”

ಅಷ್ಟು ಗದ್ದಲದಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ಎಲ್ಲಿಂದ ತರಲಿ? ಮೇಸ್ತ್ರಿಗೆ ವಯಸ್ಸಾಯಿತು ಎಂದುಕೊಂಡೆ. ಕಾಕಾರ ಕಡೆ ತಿರುಗಿ ಹೇಳಿದೆ: “ಗಾಡಿ ಕರೆಕ್ಟ್ ಐತ್ರಿ ಕಾಕಾ. ಲೋಟಾ ನೋಡಿದ್ರೆಲ್ಲ? ಡ್ರೈವರನ ಕಾಲ ನೋಡ್ಕೋರಿ.”

ಕೂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ರಾಯಪ್ಪ ಮುಂದೆ ಬಂದ. ಕಿಸೆಯಿಂದ ಗಾಡಿಯ ಕೀಲಿ ತೆಗೆದು ನನ್ನ ಕೆಲಸದ ಟೇಬಲ್ಲಿನ ಮೇಲೆ, ಆ ಲೋಟದ ಬಾಜೂಕ್ಕೆ ಇಟ್ಟ. ಮಾಲಕನ ಕೈಗೆ ಕೊಡಲಿಲ್ಲ, ನನ್ನ ಟೇಬಲ್ಲಿನ ಮೇಲೆ ಇಟ್ಟ. ಹಾಗೆಯೇ ನಡೆದು ಬಸ್ ನಿಲ್ದಾಣದ ಕಡೆ ಹೋದ. ನಾನು ಆಗಲೇ ಮುಂದಿನ ಗಾಡಿಯ ಬಾನೆಟ್ ಎತ್ತಿದ್ದೆ.

ಕಾಕಾ ಹೊಸ ಡ್ರೈವರನನ್ನು ಇಟ್ಟುಕೊಂಡರು. ಅವನು ಅರವತ್ತು ಎಪ್ಪತ್ತರಲ್ಲಿ ಹೊಡೆಯುವವನು. ಗಾಡಿ ಒಂದು ಸಲವೂ ಜಗ್ಗಲಿಲ್ಲ. ಕಾಕಾ ಗೋಕಾಕಿಗೆ ಬಂದಾಗಲೆಲ್ಲ “ನೀ ಹೇಳಿದ್ದು ಬರೋಬ್ಬರಿ ಆತು ನೋಡಪಾ, ಗಾಡಿ ಬೆಣ್ಣಿ ಆಗೈತಿ” ಎನ್ನುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ. ಡ್ರೈವರುಗಳ ನಡುವೆ ನನ್ನ ಮಾತು ಹಬ್ಬಿ, ರಾಯಪ್ಪನಿಗೆ ‘ಜಗ್ಗು ರಾಯಪ್ಪ’ ಎಂಬ ಅಡ್ಡಹೆಸರು ಬಿತ್ತು. ಹುಕ್ಕೇರಿಯಲ್ಲಿ, ಮೂಡಲಗಿಯಲ್ಲಿ ಅವನು ಕೆಲಸ ಕೇಳಿದ ಕಡೆಯೆಲ್ಲ ಅವನಿಗಿಂತ ಮೊದಲೇ ಆ ಹೆಸರು ಹೋಗಿ ಕೂತಿರುತ್ತಿತ್ತು. ಅವನು ಮತ್ತೆ ಅಣ್ಣನ ಜೊತೆ ಕುರಿ ಹಿಂದೆ ಹೋಗುತ್ತಿದ್ದಾನೆ ಎಂದು ಯಾರೋ ಹೇಳಿದರು. ಪಾಪ ಅನ್ನಿಸಿತು, ಅಷ್ಟೇ. ಕಾಲು ಸರಿ ಇಲ್ಲದಿದ್ದರೆ ನಾನೇನು ಮಾಡಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಾಗ ಒಂದು ಮಧ್ಯಾಹ್ನ ಅದೇ ಕಾರು ಗ್ಯಾರೇಜಿನ ಮುಂದೆ ನಿಂತಿತು. ಒಳಗಿಂದ ಆಯಿ ಇಳಿದರು. ಬಿಳಿ ಸೀರೆ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ. ಅವರು ಹೊರಗೆ ಎಲ್ಲಿ ಹೋದರೂ ಸೋಸಿದ ನೀರನ್ನು ಮನೆಯಿಂದಲೇ ಒಯ್ಯುವವರು. ಬೇರೆಯವರ ಪಾತ್ರೆಯಲ್ಲಿ ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಬೆನ್ನು ತುಸು ವಾಸಿಯಾಗಿ ಆ ಪೆಟ್ಟಿನ ನಂತರ ಮೊದಲ ಸಲ ಮಗಳ ಮನೆಗೆ ಹೊರಟಿದ್ದರು.

“ಬಸಲಿಂಗ ಅಂದ್ರ ನೀನೇನು?” ಎಂದರು.

“ಹೌದ್ರಿ ಆಯಿ. ಬರ್ರಿ, ಕುಂದರ್ರಿ.”

“ಕುಂದ್ರಾಕ ಬಂದಿಲ್ಲ. ರಾಯಪ್ಪ ಹೊಡದಾಗ ಗಾಡಿ ಜಗ್ಗಿತು. ಅವನ ಕಾಲ ಕೆಟ್ಟೈತಿ ಅಂದಿ. ಈಗ ಇವ ಹೊಡ್ಯಾಕತ್ತಾನ. ಇವತ್ತ ಹಿಡಕಲ್ ಕಡೆ ಮತ್ತ ಜಗ್ಗಿತು, ಎರಡ ಸಲ. ಮನ್ಯಾಗ ಹೇಳಿದ್ರ ನನ್ನ ಮಗಾ ಇವನ್ನೂ ಬಿಡಸ್ತಾನ. ಅಲ್ಲೋ ತಮ್ಮಾ, ಒಂದು ಗಾಡೀಗೆ ಎಷ್ಟ ಮಂದೀ ಕಾಲ ಕೆಡ್ತಾವ?”

ಹೊಸ ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ. ನಾನು ಲೋಟದ ಕಡೆ ಕೈ ಹಾಕಿದೆ. ಆಯಿ ಕೋಲಿನಿಂದ ನನ್ನ ಮಣಿಕಟ್ಟಿಗೆ ಮೆಲ್ಲಗೆ ತಟ್ಟಿದರು.

“ಅದನ್ನ ಬಿಡು. ನಿಂತಾಗ ಗಾಡಿ ಚೊಲೋನ ಇರತೈತಿ. ನಾ ಇಲ್ದಾಗೂ ಚೊಲೋ ಇರತೈತಿ. ನಾ ಕುಂತು ‘ನಲವತ್ತ’ ಅಂದಾಗ ಜಗ್ಗತೈತಿ. ನಾ ಇದನ್ನ ಇಬ್ಬರ ಕೈಯಾಗೂ ನೋಡೇನಿ. ನಿನ್ನ ಮಷೀನದಾಗ ನನ್ನ ನಲವತ್ತ ಕಾಣ್ತೈತೇನು?”

ಇಷ್ಟು ವರ್ಷ ಗಾಡಿಯೊಳಗೆ ತಲೆ ಹಾಕಿ ಕೂತ ನಾನು ಕಾಲು ಪೂರ್ತಿ ಬಿಟ್ಟಾಗ, ಪೂರ್ತಿ ತುಳಿದಾಗ ಮಾತ್ರ ನೋಡಿದ್ದೆ. ನಡುವೆ ಎಲ್ಲಿ ಏನಾಗುತ್ತದೆ ಎಂದು ನೋಡಿರಲೇ ಇಲ್ಲ. ಸಾಲಿಯ ಮುಖ ನೋಡದ ಆಯಿ ಹಿಂದಿನ ಸೀಟಿನಲ್ಲಿ ಕೂತೇ ರೋಗದ ಜಾಗ ಹಿಡಿದಿದ್ದರು.

ಹೊರಸಿನ ಮೇಲಿದ್ದ ಮೇಸ್ತ್ರಿ ಎದ್ದು ಬಂದು, ಸ್ಪ್ಯಾನರ್ ಪೆಟ್ಟಿಗೆಯ ಕೆಳಗೆ ಕೈ ಹಾಕಿ ತಮ್ಮ ಹಳೆಯ ಮುಳ್ಳಿನ ಮೀಟರ್ ತೆಗೆದು ಧೂಳು ಒರೆಸಿದರು. “ನಿನ್ನ ಹೊಸಾ ಮೀಟರ್ ಅಂಕಿ ಬರ್ಯೂದ್ರಾಗ ಜಗ್ಗೂದು ಮುಗದಿರತೈತಿ. ಮುಳ್ಳ ಆದ್ರ ಕುಣೀತೈತಿ. ಇದನ್ನ ಹಚ್ಚು” ಎಂದರು. ಅದು ಖರೆ ಮಾತು, ನೀವೂ ನೆನಪಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ದೋಷವನ್ನು ಆ ಕಾಲದ ಡಿಜಿಟಲ್ ಮೀಟರುಗಳು ತೋರಿಸುತ್ತಿರಲಿಲ್ಲ.

ಸೆನ್ಸರಿನ ವೈರಿಗೆ ಹಿಂದಿನಿಂದ ಗುಂಡುಸೂಜಿ ಚುಚ್ಚಿ, ಅಲ್ಲಿಂದ ಉದ್ದನೆಯ ವೈರು ಎಳೆದು, ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೆ. ಡ್ರೈವರ್ ಗಾಡಿ ಹೊಡೆದ. ಆಯಿ ಹಿಂದೆ. ಘಟಪ್ರಭಾ ದಾಟಿ ಹಿಡಕಲ್ ಕಡೆಯ ಕಾಲುವೆ ರಸ್ತೆಗೆ ಬಂದೆವು. ಸಪಾಟು ರಸ್ತೆ. ಆಯಿ “ನಲವತ್ತ” ಎಂದರು. ಡ್ರೈವರ್ ಕಾಲು ಸ್ಥಿರ ಮಾಡಿದ. ಮುಳ್ಳು ಒಂದು ಕಡೆ ನಿಂತಿತು. ನಾನು ರೆಪ್ಪೆ ಬಡಿಯದೆ ನೋಡುತ್ತಿದ್ದೆ. ಒಂದು ಮೈಲಿ ಹೋಗಿರಬಹುದು, ಮುಳ್ಳು ಧಪ್ಪನೆ ಸೊನ್ನೆಗೆ ಬಿದ್ದು ಎದ್ದಿತು. ಅದರ ಬೆನ್ನಿಗೇ ಗಾಡಿ ಜಗ್ಗಿತು. ಮತ್ತೆ ಸ್ವಲ್ಪ ದೂರ. ಮತ್ತೆ ಮುಳ್ಳು ಬಿತ್ತು, ಮತ್ತೆ ಜಗ್ಗಿತು. ಅರವತ್ತಕ್ಕೆ ಹೊಡಿ ಎಂದೆ. ಮುಳ್ಳು ಕದಲಲಿಲ್ಲ. ಮತ್ತೆ ನಲವತ್ತಕ್ಕೆ ಇಳಿಸಿದ. ಬಿತ್ತು.

“ಸಿಕ್ಕತೇನು?” ಎಂದರು ಆಯಿ.

“ಸಿಕ್ಕತ್ರಿ” ಎಂದೆ. ರೋಗ ಸಿಕ್ಕಾಗ ಆಗುವ ಸಂತೋಷ ಆ ದಿನ ನನಗೆ ಆಗಲಿಲ್ಲ.

ಗ್ಯಾರೇಜಿಗೆ ಬಂದು, ಆಯಿಯನ್ನು ಬಾಡಿಗೆ ಗಾಡಿಯಲ್ಲಿ ಮನೆಗೆ ಕಳಿಸಿ, ಸೆನ್ಸರ್ ಬಿಚ್ಚಿ, ಬ್ಲೇಡಿನಿಂದ ಅದರ ಹಿಂದಿನ ಮುಚ್ಚಳ ಎಬ್ಬಿಸಿದೆ. ಕಪ್ಪು ಪಟ್ಟಿಯ ಮೇಲೆ ಒಂದು ಕಡೆ, ಒಂದೇ ಒಂದು ಕಡೆ, ಉಗುರಿನ ಅಂಚಿನಷ್ಟು ಅಗಲಕ್ಕೆ ಇಂಗಾಲ ಪೂರ್ತಿ ಸವೆದು ಬಿಳಿ ಗೆರೆ ಬಿದ್ದಿತ್ತು. ಉಳಿದ ಪಟ್ಟಿ ಹೊಸದರಂತೆ ಇತ್ತು. ಲೋಹದ ಬೆರಳು ಆ ಗೆರೆಯ ಮೇಲೆ ಬಂದಾಗ ಕರೆಂಟ್ ಕಡಿಯುತ್ತಿತ್ತು. ಬೇಗ ದಾಟಿಹೋದರೆ ಗೊತ್ತಾಗುತ್ತಿರಲಿಲ್ಲ, ಅಲ್ಲೇ ನಿಂತರೆ ಗಾಡಿ ಜಗ್ಗುತ್ತಿತ್ತು. ಗೆರೆ ಇದ್ದದ್ದು ಸರಿಯಾಗಿ ನಲವತ್ತರ ಜಾಗದಲ್ಲಿ.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಇಂಥಾದ್ದು ಎಂದರ ನೋಡಿಯೇನು? ಮಂದೀ ಗಾಡ್ಯಾಗ ಪಟ್ಟಿ ಅಲ್ಲಿಷ್ಟು ಇಲ್ಲಿಷ್ಟು ಸವದಿರತೈತಿ. ಒಂದ ಜಾಗಾದಾಗ ಇಷ್ಟ ಸವೀಬೇಕಾದ್ರ ಕಾಲ ಎಷ್ಟ ಗಟ್ಟಿ ನಿಂತಿರಬೇಕು ಹೇಳು.”

ನಾಲ್ಕು ವರ್ಷ, ವಾರಕ್ಕೆರಡು ಸಲ, ಹುಕ್ಕೇರಿಯಿಂದ ಮೂಡಲಗಿಯ ತನಕ ಮತ್ತು ಮೂಡಲಗಿಯಿಂದ ಹುಕ್ಕೇರಿಯ ತನಕ, ಒಬ್ಬ ಮುದುಕಿಯ ಬೆನ್ನಿಗೆ ನೋವಾಗಬಾರದೆಂದು ರಾಯಪ್ಪ ಒಂದೇ ಜಾಗದಲ್ಲಿ ಕಾಲು ಹಿಡಿದಿದ್ದ. ಅದರ ಗುರುತೇ ಆ ಗೆರೆ. ಅವನ ಕಾಲು ಅಷ್ಟು ಚೆನ್ನಾಗಿದ್ದದ್ದಕ್ಕೇ ಸೆನ್ಸರ್ ಸವೆದಿತ್ತು. ಆ ಕಾಲನ್ನೇ ನಾನು ಹತ್ತು ಮಂದಿಯ ಮುಂದೆ ಕೆಟ್ಟದ್ದು ಎಂದಿದ್ದೆ. ಇಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಇಲ್ಲೊಂದು ಮಾತು ಸೇರಿಸಿಬಿಡುತ್ತೇನೆ. ಕೆಲವು ವರ್ಷಗಳ ನಂತರ ಎಕ್ಸಲೇಟರಿನಿಂದ ಎಂಜಿನ್ನಿಗೆ ಕೇಬಲ್ಲೇ ಇಲ್ಲದ, ಪೂರ್ತಿ ಎಲೆಕ್ಟ್ರಾನಿಕ್ ಥ್ರಾಟಲಿನ ಗಾಡಿಗಳು ಬಂದವು. ಅವುಗಳ ಸೆನ್ಸರಿನಲ್ಲಿ ಒಂದರ ಬದಲು ಎರಡು ಪಟ್ಟಿ. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪಬೇಕು. ಒಪ್ಪದಿದ್ದರೆ ಕಂಪ್ಯೂಟರ್ ಯಾವುದನ್ನೂ ನಂಬದೆ ದೀಪ ಹಚ್ಚಿ ಗಾಡಿಯನ್ನು ನಿಧಾನ ಮಾಡುತ್ತದೆ. ಮೊದಲ ಸಲ ಅದನ್ನು ಬಿಚ್ಚಿ ನೋಡಿದಾಗ ನನಗೆ ಖಂಡೇಪೂಜೆಯ ಹಿಂದಿನ ದಿನ ನೆನಪಾಯಿತು. ಆ ದಿನವೂ ಎರಡನೆಯ ಮಾತು ಹೊರಸಿನ ಮೇಲಿಂದ ಬಂದಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ತುಕ್ಕಾನಟ್ಟಿಗೆ ಹೋದೆ. ಊರ ಹೊರಗೆ ಗೋವಿನಜೋಳ ಕೊಯ್ದ ಹೊಲದಲ್ಲಿ ರಾಯಪ್ಪ ಕುರಿ ನಿಲ್ಲಿಸಿಕೊಂಡಿದ್ದ. ಹೆಗಲ ಮೇಲೆ ಕಂಬಳಿ. ನನ್ನನ್ನು ನೋಡಿ “ಬರ್ರಿ” ಎಂದ. ನಾನು ಬಿಚ್ಚಿದ ಸೆನ್ಸರನ್ನು ಅವನ ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ. ಗೆರೆ ತೋರಿಸಿದೆ. ಅವನು ಅದರ ಮೇಲೆ ಹೆಬ್ಬೆರಳು ಆಡಿಸಿದ.

“ತಪ್ಪಾತಪಾ ರಾಯಪ್ಪ. ಕಾಲ ನಿಂದಲ್ಲ, ತಲಿ ನಂದ ಕೆಟ್ಟಿತ್ತು” ಎಂದೆ.

“ನನಗ ಹೇಳಿದ್ರ ಏನ್ ಬಂತ್ರಿ?” ಎಂದ. ಸಿಟ್ಟಿನಿಂದಲ್ಲ, ಸಾವಕಾಶವಾಗಿ. “ನನ್ನ ಕಾಲ ನನಗ ಮೊದಲ ಗೊತ್ತಿತ್ತು. ಗೊತ್ತಿಲ್ದವರಿಗೆ ಹೇಳ್ರಿ. ನನ್ನ ಮಗಳು ಸಾಲಿಂದ ಬಂದು ‘ಅಪ್ಪಾ, ನಿನಗ ಜಗ್ಗು ಅಂತ ಯಾಕ ಅಂತಾರ?’ ಅಂತ ಕೇಳಿದ್ಳು. ಏನ್ ಹೇಳಬೇಕ್ರಿ ನಾ?”

ಸೆನ್ಸರ್ ತಿರುಗಿ ತೆಗೆದುಕೊಂಡೆ, ಅದಿನ್ನೂ ನನಗೆ ಬೇಕಾಗಿತ್ತು.

ಹುಕ್ಕೇರಿಯ ಸಂತೆಯ ದಿನ ಡ್ರೈವರುಗಳೆಲ್ಲ ಬಸ್ ನಿಲ್ದಾಣದ ಎದುರಿನ ಚಹದಂಗಡಿಯಲ್ಲಿ ಸೇರುತ್ತಾರೆ. ಊರೂರಿನ ಸುದ್ದಿ ಅಲ್ಲಿಂದಲೇ ಹೊರಡುವುದು, ರಾಯಪ್ಪನ ಅಡ್ಡಹೆಸರೂ ಅಲ್ಲಿಂದಲೇ ಹೊರಟಿತ್ತು. ಅಲ್ಲಿಗೆ ಹೋಗಿ ನಿಂತೆ. ಪಾರಿಸ ಕಾಕಾರ ಅಂಗಡಿ ಪಕ್ಕದಲ್ಲೇ ಇತ್ತು, ಅವರನ್ನೂ ಕರೆದೆ. ಸೆನ್ಸರನ್ನು ಕೈಯಿಂದ ಕೈಗೆ ಕೊಟ್ಟೆ, ಗೆರೆ ಯಾಕೆ ಬಿತ್ತೆಂದು ವಿವರಿಸಿದೆ. ಡ್ರೈವರುಗಳಿಗೆ ಎರಡು ಸಲ ಹೇಳಬೇಕಾಗಲಿಲ್ಲ. ನಾಲ್ಕು ವರ್ಷ ಒಂದೇ ಕಡೆ ಕಾಲು ನಿಲ್ಲಿಸುವುದು ಎಂದರೆ ಏನೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಬ್ಬ ಹಿರಿಯ ಡ್ರೈವರ್ ಗೆರೆಯನ್ನು ಕಣ್ಣಿನ ಹತ್ತಿರ ಹಿಡಿದು, “ನನ್ನ ಕೈಲೆ ಆಗೂದಿಲ್ಲಪಾ ಇದು” ಎಂದ.

ಇನ್ನೊಬ್ಬ ಬಿಡಲಿಲ್ಲ: “ಅಂದ್ರ ಬಸಲಿಂಗ, ಇಷ್ಟ ದಿನಾ ಜಗ್ಗಿದ್ದು ನಿನ್ನ ಬುದ್ಧಿ ಅನ್ನು!”

“ಹೌದಪಾ. ಜಗ್ಗು ಬಸಲಿಂಗ ಅನ್ರಿ ಇನ್ನ ಮ್ಯಾಲೆ” ಎಂದೆ. ಅಂಗಡಿಯೆಲ್ಲ ನಕ್ಕಿತು. ಅನ್ನಲೂ ಅಂದರು, ಎರಡು ಮೂರು ವರ್ಷ ಆ ಹೆಸರು ನನಗೆ ಅಂಟಿಕೊಂಡಿತ್ತು. ಅದು ನನ್ನ ಪಾಲಿನದೇ ಆಗಿತ್ತು, ಬೇಡ ಎನ್ನಲಿಲ್ಲ.

ಪಾರಿಸ ಕಾಕಾ ನಗಲಿಲ್ಲ. “ನೀ ಹೇಳಿದಿ, ನಾ ಕೇಳಿದ್ನಿ. ನಾಲ್ಕ ವರ್ಷ ನನ್ನ ಅವ್ವನ್ನ ಒಯ್ದು ತಂದವನ ಮಾತ ಬಿಟ್ಟು ಲೋಟದ ಮಾತ ಕೇಳಿದ್ನಿ” ಎಂದು ಎದ್ದರು. ಅದೇ ದಿನ ಆಯಿಯನ್ನು ಕರೆದುಕೊಂಡು ಬಾಡಿಗೆ ಗಾಡಿ ಮಾಡಿಕೊಂಡು ರಾಯಪ್ಪನನ್ನು ಕರೆಯಲು ತಾವೇ ತುಕ್ಕಾನಟ್ಟಿಗೆ ಹೋದರು. ಹೊಸ ಡ್ರೈವರನನ್ನು ಬಿಡಿಸಲಿಲ್ಲ, ಅಂಗಡಿಯ ಸಾಮಾನಿನ ಗಾಡಿಗೆ ಹಾಕಿದರು. ಅಲ್ಲಿ ಅವನ ಅರವತ್ತು ಎಪ್ಪತ್ತು ನಡೆಯುತ್ತಿತ್ತು.

ಎರಡು ದಿನ ಬಿಟ್ಟು, ಗ್ಯಾರೇಜಿನಲ್ಲೇ ಉಳಿದಿದ್ದ ಗಾಡಿಗೆ ಹೊಸ ಸೆನ್ಸರ್ ಹಾಕಿ ಸಿದ್ಧ ಮಾಡಿ ನಿಲ್ಲಿಸಿದ್ದೆ. ಕಾಕಾ, ಆಯಿಯ ಜೊತೆ ರಾಯಪ್ಪ ಬಂದ. ತೊಳೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಜೊತೆಗೆ ಮಗಳನ್ನೂ ಕರೆತಂದಿದ್ದ. ಕಾಕಾ ಕೀಲಿಯನ್ನು ಅವನ ಕೈಗೆ ಕೊಡಹೋದರು. ಅವನು ನನ್ನ ಟೇಬಲ್ಲಿನ ಕಡೆ ನೋಡಿದ. ನನಗೆ ಅರ್ಥವಾಯಿತು. ಕೀಲಿ ಇಸಿದುಕೊಂಡು, ಅಂದು ಅವನು ಇಟ್ಟಿದ್ದ ಜಾಗದಲ್ಲೇ ಇಟ್ಟೆ. ಅವನು ಬಂದು ಅಲ್ಲಿಂದಲೇ ಎತ್ತಿಕೊಂಡ. ಕಾದು ಕೂತಿದ್ದ ಡ್ರೈವರುಗಳು ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ.

ಆಗ ಆಯಿ, “ಆ ಲೋಟಾ ಕೊಡು” ಎಂದರು. ನಲ್ಲಿಯ ಕೆಳಗೆ ತಾವೇ ಅದನ್ನು ತೊಳೆದರು, ಸೆರಗಿನಿಂದ ಒರೆಸಿದರು, ತಂಬಿಗೆಯ ಬಟ್ಟೆ ಬಿಚ್ಚಿ ತಮ್ಮ ಸೋಸಿದ ನೀರನ್ನು ಮುಕ್ಕಾಲು ತುಂಬಿಸಿ ನನ್ನ ಕೈಗೆ ಕೊಟ್ಟರು. “ಮುಂದ ಕುಂದ್ರು. ಮೂಡಲಗೀ ತನಕ ಇದನ್ನ ಅಂಗೈ ಮ್ಯಾಲೆ ಹಿಡಕೊಂಡ ಬಾ.”

ಮೇಸ್ತ್ರಿ ಹೊರಸಿನಿಂದ ಕೂಗಿದರು: “ಚೆಲ್ಲಿದ್ರ ನಡಕೋತ ಬಾ ಮತ್ತ!”

ಹೀಗೆ ನಾನು ಗೋಕಾಕದಿಂದ ಮೂಡಲಗಿಯವರೆಗೆ ಅಂಗೈಯಲ್ಲಿ ನೀರು ಹಿಡಿದು ಹೋದೆ. ಹಿಂದೆ ಆಯಿ ಮತ್ತು ರಾಯಪ್ಪನ ಮಗಳು. ಯಾರೂ ನಲವತ್ತು ಎಂದು ಹೇಳಬೇಕಾಗಲಿಲ್ಲ. ಕಾಲು ತಾನಾಗಿ ಅಲ್ಲಿ ಹೋಗಿ ನಿಂತಿತು. ನಾನು ಲೋಟವನ್ನೂ ನೋಡುತ್ತಿದ್ದೆ, ರಾಯಪ್ಪನ ಬಲಗಾಲನ್ನೂ ನೋಡುತ್ತಿದ್ದೆ. ಹಳೆಯ ಚಪ್ಪಲಿಯ ಆ ಕಾಲು ಇದ್ದಲ್ಲೇ ಇತ್ತು. ರಸ್ತೆ ಕಿತ್ತುಹೋಗಿದ್ದ ಒಂದು ಕಡೆ ಎರಡು ಹನಿ ನನ್ನ ಬೆರಳಿನ ಮೇಲೆ ಬಿದ್ದವು. ಹುಡುಗಿ ಹಿಂದಿನಿಂದ ಬಗ್ಗಿ ನೋಡುತ್ತಿದ್ದವಳು, “ಅಪ್ಪಾ, ಗಾಡಿ ಜಗ್ಗೂದ ಇಲ್ಲಲ್ಲ!” ಎಂದಳು. ರಾಯಪ್ಪ ತಿರುಗಿ ನೋಡಲಿಲ್ಲ, ಕಣ್ಣು ರಸ್ತೆಯ ಮೇಲೇ ಇತ್ತು. ಆದರೆ ಅವನು ನಕ್ಕದ್ದು ನನಗೆ ಕಾಣಿಸಿತು. ನನ್ನ ಕಣ್ಣು ಮಂಜಾದವು. ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಲೋಟ.

ಮೂಡಲಗಿಯಲ್ಲಿ ಮಗಳ ಮನೆಯ ಮುಂದೆ ಗಾಡಿ ನಿಂತಿತು. ಆಯಿ ಬೆನ್ನು ನೆಟ್ಟಗೆ ಮಾಡಿಕೊಂಡು ಇಳಿದು, ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಬೇರೆಯವರ ಪಾತ್ರೆಯಲ್ಲಿ ನೀರು ಕುಡಿಯದ ಆಯಿ, ಅಲ್ಲೇ ಕಟ್ಟೆಯ ಮೇಲೆ ಕೂತು, ಎಣ್ಣೆಯ ವಾಸನೆ ಹತ್ತಿದ ಇಮಾಮಸಾಬರ ಲೋಟದಿಂದ ಅಷ್ಟೂ ನೀರು ಕುಡಿದರು. ಖಾಲಿ ಲೋಟವನ್ನು ನನಗೆ ತಿರುಗಿ ಕೊಟ್ಟು ಹೇಳಿದರು:

“ಇನ್ನ ಮ್ಯಾಲೆ ಇದನ್ನ ಗಾಡಿ ಮ್ಯಾಲೆ ಇಡಬ್ಯಾಡ. ಇದರಾಗ ಚಾ ಕುಡಿ.”

ಆ ದಿನದಿಂದ ಹಾಗೇ ಮಾಡುತ್ತಿದ್ದೇನೆ. ಇದನ್ನು ಬರೆಯುತ್ತಿರುವಾಗಲೂ ಲೋಟ ಬಾಜೂಕ್ಕೇ ಇದೆ. ಚಹ ಆರಿ ಹೋಗಿದೆ.